ವಾಟರ್‌ಪ್ರೂಫ್ ಗ್ಲೌಸ್ ಹಾಕಿದರೂ ಕೈ ಯಾಕೆ ತೊಯ್ಯುತ್ತೆ?

ಪ್ರಶ್ನೆ: ದಿನಾ ಸಿಂಧನೂರಿನಿಂದ ಮಾನ್ವಿಗೆ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಮಳೆಗೆ ಅಂತಲೇ ವಾಟರ್‌ಪ್ರೂಫ್ ಗ್ಲೌಸ್ ತಗೊಂಡೆ. ಆದರೂ ಅರ್ಧ ದಾರಿಗೇ ಕೈ ತೊಯ್ದು ತೊಪ್ಪೆ. ಗ್ಲೌಸೇ ಕಳಪೆನಾ?

ಉತ್ತರ: ಇದ್ದರೂ ಇರಬಹುದು. ಅಂಗಡಿಯವನನ್ನು ಬೈಯುವ ಮೊದಲು ಒಂದು ಬಕೆಟ್ ನೀರು ತಗೊಳ್ಳಿ. ಗ್ಲೌಸ್ ಹಾಕಿಕೊಂಡು ಮಣಿಕಟ್ಟಿನ ಕೆಳಗಿನವರೆಗೆ ಮಾತ್ರ ಕೈ ಮುಳುಗಿಸಿ, ಐದು ನಿಮಿಷ ಮುಷ್ಟಿ ಕಟ್ಟಿ ಬಿಡ್ತಾ ಇರಿ. ಒಳಗೆ ತೇವ ಬಂದರೆ ಹೊಲಿಗೆ ಸೋರುತ್ತಿದೆ ಅಂತ ಅರ್ಥ. ಬರದಿದ್ದರೆ ಗ್ಲೌಸ್ ಚೆನ್ನಾಗಿದೆ, ನೀರು ಬೇರೆ ದಾರಿಯಿಂದ ಬರುತ್ತಿದೆ.

ಆ ದಾರಿ ನಿಮ್ಮ ರೇನ್‌ಕೋಟಿನ ತೋಳು. ಹ್ಯಾಂಡಲ್ ಹಿಡಿದಾಗ ತೋಳು ಭುಜದಿಂದ ಕೈ ಕಡೆಗೆ ಇಳಿಜಾರಾಗಿರುತ್ತೆ, ಅದರ ಮೇಲೆ ಬಿದ್ದ ಮಳೆಯೆಲ್ಲಾ ಮಣಿಕಟ್ಟಿಗೇ ಹರಿದು ಬರುತ್ತೆ. ಗ್ಲೌಸಿನ ಬಾಯಿ ತೋಳಿನ ಮೇಲಿದ್ದರೆ ಅಷ್ಟೂ ನೀರು ಸೀದಾ ಒಳಗೆ. ತಗಡಿನ ಮಾಡು ಹೊದಿಸುವಾಗ ಮೇಲಿನ ತಗಡನ್ನು ಕೆಳಗಿನದರ ಮೇಲೆ ಬರುವಂತೆ ಹಾಕ್ತಾರಲ್ವಾ, ಇಲ್ಲೂ ಹಾಗೇ. ಮೊದಲು ಗ್ಲೌಸ್, ಅದರ ಮೇಲೆ ರೇನ್‌ಕೋಟಿನ ತೋಳು. ಎದುರುಗಾಳಿ ನೀರನ್ನು ತೋಳಿನೊಳಗೆ ತಳ್ಳದಂತೆ ತುದಿಯನ್ನು ಪಟ್ಟಿಯಿಂದ ಬಿಗಿ ಮಾಡಿ. ಪಟ್ಟಿ ಇಲ್ಲದಿದ್ದರೆ ಅಗಲದ ರಬ್ಬರ್ ಬ್ಯಾಂಡ್ ಸಾಕು. ರಕ್ತ ಓಡಾಡದಷ್ಟು ಬಿಗಿ ಬೇಡ. ಒಂದು ವಿಷಯ ಮರೀಬೇಡಿ: ಹೆಲ್ಮೆಟ್ ಗ್ಲಾಸ್ ಒರೆಸಲು ಕೈ ಎತ್ತಿದರೆ ಇಳಿಜಾರು ಉಲ್ಟಾ ಆಗುತ್ತೆ, ಕೈ ಮೇಲಿನ ನೀರು ತೋಳಿನೊಳಗೆ ಇಳಿಯುತ್ತೆ.

ಇನ್ನು ಬೆವರು. ನಮ್ಮ ರಾಯಚೂರು ಕಡೆ ಮಳೆ ಬಂದರೂ ಸೆಕೆ ಪೂರ್ತಿ ಹೋಗಲ್ಲ. ದುಬಾರಿ ಗ್ಲೌಸಿನ ಒಳಪದರ ಬೆವರಿನ ಆವಿಯನ್ನು ಹೊರಗೆ ಬಿಡುತ್ತೆ ನಿಜ, ಆದರೆ ಮೇಲಿನ ಬಟ್ಟೆ ನೀರು ಕುಡಿದು ಕೂತರೆ ಆ ಆವಿಗೆ ಹೋಗಲು ದಾರಿ ಇರಲ್ಲ. ಆಗ ಕೈ ಒದ್ದೆಯಾಗೋದು ಒಳಗಿನಿಂದಲೇ.

ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಜೋರು ಇರೋದು ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರಿನಲ್ಲಿ. ಇಷ್ಟಕ್ಕೆ ಸಾವಿರಾರು ರೂಪಾಯಿ ಸುರಿಯೋದು ನನ್ನ ಲೆಕ್ಕದಲ್ಲಿ ದಂಡ. ಗೊಬ್ಬರದ ಅಂಗಡಿಯಲ್ಲಿ ಔಷಧಿ ಹೊಡೆಯಲು ಸಿಗುವ ಉದ್ದ ರಬ್ಬರ್ ಗ್ಲೌಸ್ ತಗೊಳ್ಳಿ, ಒಳಗೆ ತೆಳು ಹತ್ತಿಯ ಗ್ಲೌಸ್ ಹಾಕಿ. ಬೆವರನ್ನು ಹತ್ತಿ ಹೀರುತ್ತೆ. ಇನ್ನೊಂದು ಜೊತೆ ಹತ್ತಿಯದನ್ನು ಸೀಟಿನ ಕೆಳಗೆ ಇಟ್ಟರೆ ವಾಪಸ್ ಬರುವಾಗ ಬದಲಿಸಬಹುದು. ರಬ್ಬರ್ ಗ್ಲೌಸ್ ಹೊಸದನ್ನೇ ತಗೊಳ್ಳಿ, ಔಷಧಿ ಹೊಡೆದದ್ದು ಮಾತ್ರ ಬೇಡವೇ ಬೇಡ. ಒಂದು ಸೈಜ್ ದೊಡ್ಡದಿರಲಿ. ಬೈಕಿನಿಂದ ಬಿದ್ದಾಗ ರಬ್ಬರ್ ಕೈ ಕಾಯಲ್ಲ, ಹಾಗಾಗಿ ನಿಧಾನ ಹೋಗೋರಿಗಷ್ಟೇ ಈ ಉಪಾಯ. ಹೊರಡುವ ಮುಂಚೆ ಕ್ಲಚ್, ಬ್ರೇಕ್, ಇಂಡಿಕೇಟರ್ ಬೆರಳಿಗೆ ಸರಿಯಾಗಿ ಸಿಗುತ್ತಾ ನೋಡಿ. ಕೈಗೆ ಕ್ಯಾರಿಬ್ಯಾಗ್ ಕಟ್ಟಿಕೊಂಡು ಹೋಗೋರನ್ನೂ ನೋಡ್ತೀವಿ. ಅದು ಲಿವರ್ ಮೇಲೆ ಜಾರುತ್ತೆ, ಬೇಡ.

ಬಳ್ಳಾರಿ–ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಾಡೋರು ಹ್ಯಾಂಡಲ್‌ಗೆ ಹ್ಯಾಂಡ್ ಗಾರ್ಡ್ ಹಾಕಿಸಿಕೊಳ್ಳೋದು ಒಳ್ಳೇದು. ಮುಂದಿನಿಂದ ಹಾರುವ ಕೆಂಪು ನೀರು, ಗಾಳಿ ಎರಡೂ ಬಹಳ ಕಡಿಮೆಯಾಗುತ್ತೆ, ಬೆರಳು ಜೋಮು ಹಿಡಿಯಲ್ಲ.

ಈಗಿರುವ ಗ್ಲೌಸನ್ನೇ ಇಟ್ಟುಕೊಳ್ಳೋದಾದರೆ, ಒದ್ದೆಯಾದಾಗ ಬೆರಳ ತುದಿ ಹಿಡಿದು ಎಳೆಯಬೇಡಿ, ಒಳಪದರ ಕಿತ್ತು ಬರುತ್ತೆ. ಮಣಿಕಟ್ಟಿನ ಕಡೆಯಿಂದ ನಿಧಾನ ಬಿಡಿಸಿ, ಹಳೇ ಪೇಪರ್ ತುಂಬಿ ನೆರಳಲ್ಲಿ ಒಣಗಿಸಿ. ಬಿಸಿ ಸೈಲೆನ್ಸರ್ ಮೇಲೆ ಮಾತ್ರ ಇಡಬೇಡಿ.