ಮೌಂಟ್ ಅಂದರೆ ಸ್ಕ್ರೂ ಬಿಗಿಯುವುದಲ್ಲ

‘ಹೊಸ ಹಾರ್ಡ್ ಡಿಸ್ಕ್ ಮೌಂಟ್ ಮಾಡಿದ್ದೇನೆ, ಆದರೂ ಕಾಣುತ್ತಿಲ್ಲ’ ಅನ್ನುವವರಲ್ಲಿ ಬಹಳಷ್ಟು ಜನ ಡಿಸ್ಕನ್ನು ಕ್ಯಾಬಿನೆಟ್ಟಿನೊಳಗೆ ಕೂರಿಸಿ ಸಾಟಾ ಕೇಬಲ್ ಸಿಕ್ಕಿಸಿರುತ್ತಾರೆ, ಅಷ್ಟೇ. ಲಿನಕ್ಸಿನಲ್ಲಿ ಅದು ಮೌಂಟ್ ಅಲ್ಲ. ಪಾರ್ಟಿಶನ್ ಮಾಡುವುದೂ (ಡಿಸ್ಕನ್ನು ಭಾಗಗಳಾಗಿ ವಿಂಗಡಿಸುವುದೂ) ಅಲ್ಲ, ಫಾರ್ಮ್ಯಾಟ್ ಮಾಡುವುದೂ ಅಲ್ಲ. ಡಿಸ್ಕಿನಲ್ಲಿರುವ ಫೈಲ್ ಸಿಸ್ಟಮನ್ನು, ಅಂದರೆ ಫೈಲುಗಳ ಇಡೀ ಜೋಡಣೆಯನ್ನು, ಈಗಾಗಲೇ ಇರುವ ಒಂದು ಡೈರೆಕ್ಟರಿಯ (ಫೋಲ್ಡರಿನ) ಜಾಗದಲ್ಲಿ ತೆರೆದುಕೊಳ್ಳುವಂತೆ ಸೇರಿಸುವುದು ಮಾತ್ರ ಮೌಂಟ್.

ಗೊಂದಲ ಪದದ ಹುಟ್ಟಿನಲ್ಲೇ ಇದೆ. ಟೇಪ್ ಸುರುಳಿಗಳೂ ಡಿಸ್ಕ್ ಪ್ಯಾಕ್‌ಗಳೂ ಕಪಾಟಿನಲ್ಲಿರುತ್ತಿದ್ದ ಕಾಲದಲ್ಲಿ, ಬೇಕಾದದ್ದನ್ನು ಆಪರೇಟರ್ ಕೈಯಾರೆ ತಂದು ಡ್ರೈವಿಗೆ ಏರಿಸಬೇಕಿತ್ತು. ಆ ಏರಿಸುವಿಕೆಯೇ ಮೌಂಟ್. ಲಿನಕ್ಸಿಗೆ ಮಾದರಿಯಾದ ಯುನಿಕ್ಸಿನ 1971ರ ಮೊದಲ ಕೈಪಿಡಿಯಲ್ಲಿ ಮೌಂಟ್, ಅದನ್ನು ಬಿಡಿಸುವ ಯುಮೌಂಟ್ ಎರಡೂ ಕಮಾಂಡ್‌ಗಳಿವೆ: ಪ್ಯಾಕ್ ಏರಿಸಿದ ಮೇಲೆ ಸಿಸ್ಟಮ್ಮಿಗೆ ಅದನ್ನು ತಿಳಿಸುವ ಎರಡನೇ ಹೆಜ್ಜೆಗೂ ಅದೇ ಹೆಸರು ಬಂತು. ಪ್ಯಾಕ್‌ಗಳು ಹೋದರೂ ಆ ಹೆಜ್ಜೆ ಉಳಿದಿದೆ. (ಅನ್‌ಮೌಂಟ್ ಎಂದು ಟೈಪ್ ಮಾಡಿ ಕಮಾಂಡ್ ಸಿಗುತ್ತಿಲ್ಲ ಎನ್ನುವವರು ಗಮನಿಸಿ: ಅದು ಯುಮೌಂಟ್ (umount), ಮೊದಲ ‘ನ್’ ಇಲ್ಲ.)

ಡಿಸ್ಕ್ ಬದಲಿಸುವಾಗ ಈ ಹೆಜ್ಜೆ ತಪ್ಪಿದರೆ ಸಿಸ್ಟಮ್ ಎಚ್ಚರಿಸುವುದಿಲ್ಲ. ಮೌಂಟ್ ಆಗದ ಡೈರೆಕ್ಟರಿಯೂ ಡೈರೆಕ್ಟರಿಯೇ. ಫೈಲುಗಳನ್ನು ಕಾಪಿ ಮಾಡುವ ಆರ್‌ಸಿಂಕ್ (rsync) ಅದಕ್ಕೇ ಬರೆಯುತ್ತಾ ಹೋಗಿ, ಸಿಸ್ಟಮ್ ಇರುವ ರೂಟ್ ಪಾರ್ಟಿಶನ್ ತುಂಬಿಸುತ್ತದೆ. ಆಮೇಲೆ ಡಿಸ್ಕ್ ಮೌಂಟ್ ಮಾಡಿದರೆ ಹಾಗೆ ಬರೆದ ಫೈಲುಗಳು ಅದರಡಿ ಮರೆಯಾಗುತ್ತವೆ. ಡಿಸ್ಕಿನಲ್ಲಿ ಉಳಿದ ಜಾಗ ತೋರಿಸುವ ಡಿಎಫ್ (df) ರೂಟ್ ತುಂಬಿದೆ ಅನ್ನುತ್ತದೆ, ಫೈಲುಗಳ ಗಾತ್ರ ಕೂಡಿಸುವ ಡಿಯು (du) ಅದಕ್ಕೆ ಲೆಕ್ಕ ಕೊಡುವುದಿಲ್ಲ. ಕಾಪಿಗೆ ಮೊದಲು ಫೈಂಡ್‌ಮೌಂಟ್ (findmnt) ಕಮಾಂಡಿಗೆ ಆ ಡೈರೆಕ್ಟರಿಯ ಹೆಸರು ಕೊಟ್ಟು ನೋಡಿ. ಉತ್ತರ ಖಾಲಿಯಾದರೆ ನಿಲ್ಲಿಸಿ. ಮರೆಯಾದ ಫೈಲುಗಳು ಬೇಕಿದ್ದರೆ ರೂಟನ್ನು ಬೇರೊಂದು ಡೈರೆಕ್ಟರಿಯಲ್ಲೂ ತೆರೆದುಕೊಳ್ಳುವಂತೆ ಬೈಂಡ್ ಮೌಂಟ್ (mount --bind) ಮಾಡಿ, ಕಾಣುತ್ತವೆ.

ಹೊಸದಾಗಿ ಫಾರ್ಮ್ಯಾಟ್ ಮಾಡಿದ ಪಾರ್ಟಿಶನ್ನಿಗೆ ಹೊಸ ಯುಯುಐಡಿ (UUID, ಅದನ್ನು ಗುರುತಿಸುವ ವಿಶಿಷ್ಟ ಸಂಖ್ಯೆ) ಬರುತ್ತದೆ. ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ (/etc/fstab) ಹಳೆಯದೇ ಉಳಿದರೆ, ಬೂಟ್ ನಡೆಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು, ದುರಸ್ತಿಗಷ್ಟೇ ಇರುವ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಬ್ಲಾಕ್‌ಐಡಿ (blkid) ಕಮಾಂಡ್ ತೋರಿಸುವ ಯುಯುಐಡಿ ನಕಲಿಸಿ ಹಾಕಿ, ಡೇಟಾ ಡಿಸ್ಕಾದರೆ, ಅದು ಸಿಗದಿದ್ದರೂ ಬೂಟ್ ಮುಂದುವರಿಯಲಿ ಎನ್ನುವ ನೋಫೇಲ್ (nofail) ಸೇರಿಸಿ. ಡಿಸ್ಕನ್ನು ಇದ್ದಹಾಗೇ ನಕಲಿಸುವ ಡಿಡಿ (dd) ಕಮಾಂಡಿನಿಂದ ನಕಲು ಮಾಡಿದ್ದರೆ ತೊಂದರೆ ಉಲ್ಟಾ: ಎರಡಕ್ಕೂ ಒಂದೇ ಯುಯುಐಡಿ. ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್ (XFS) ಆದರೆ, ಒಂದು ಮೌಂಟ್ ಆಗಿರುವಾಗ ಇನ್ನೊಂದನ್ನು ಸಾಮಾನ್ಯವಾಗಿ ಒಪ್ಪುವುದೇ ಇಲ್ಲ. ಇನ್ನೊಂದು ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4ರಲ್ಲಿ (ext4) ಯಾವ ಡಿಸ್ಕ್ ಮೌಂಟ್ ಆಯಿತೆಂದು ನಂಬುವಂತಿಲ್ಲ. ರೀಬೂಟ್‌ಗೆ ಮೊದಲು ಹಳೆಯ ಡಿಸ್ಕಿನ ಕೇಬಲ್ ತೆಗೆದಿಡಿ.