ಫೋನ್ ಬಾರದ ರಾತ್ರಿಗೂ ಲೆಕ್ಕ ಉಂಟು

ಕಾಸರಗೋಡಲ್ಲಿ ಲೇಬರ್ ಕೇಸು ನೋಡುವ ನಮ್ಮಂಥವರ ಹತ್ರ ಹೆಚ್ಚಾಗಿ ಬರುವುದು ಪಿಎಫ್, ಗ್ರಾಚ್ಯುಟಿ, ಬೋನಸ್ ತಕರಾರು. ಈಗ ಹೊಸತೊಂದು ಸೇರಿದೆ. ಆಸ್ಪತ್ರೆಯವರು, ದೊಡ್ಡ ಜವಳಿ ಅಂಗಡಿಯವರು ಫೈರ್ ಸೇಫ್ಟಿ ಆಫೀಸರ್ ಅಂತ ಒಬ್ಬರನ್ನು ಇಟ್ಕೊಳ್ತಾರೆ, ಹಗಲು ಡ್ಯೂಟಿ, ರಾತ್ರಿ ಆನ್ ಕಾಲ್, ಅಂದ್ರೆ ಮನೇಲಿದ್ರೂ ಕರೆದ ಕೂಡಲೇ ಬರ್ಬೇಕು. ಆಮೇಲೆ ಈ ಮಾಲಿಕರೆಲ್ಲ ಬಂದು ಕೇಳುವುದು ಒಂದೇ, "ವಕೀಲ್ರೇ, ಇಡೀ ತಿಂಗಳು ಒಂದು ಸಲವೂ ಕರೀಲಿಲ್ಲ, ಮನೇಲಿ ಮಲಗಿದ್ದಕ್ಕೆ ಎಂತಕ್ಕೆ ದುಡ್ಡು?"

(ಸರ್ಕಾರಿ ಅಗ್ನಿಶಾಮಕ ದಳದ ವಿಷಯ ಬೇರೆ. ಕೇರಳದಲ್ಲಿ ಅದು ರಾಜ್ಯದ ಇಲಾಖೆ.)

ಎಷ್ಟು ಸಲ ಕರೆದ್ರಿ ಅನ್ನುವುದನ್ನು ಆಮೇಲೆ ನೋಡುವ ಮಾರಾಯ್ರೆ. ಕರೆದ್ರೆ ಎಷ್ಟು ನಿಮಿಷದಲ್ಲಿ ಬರ್ಬೇಕು ಅಂತ ಬರೆದಿದ್ದೀರಿ, ಅದನ್ನು ಮೊದಲು ಹೇಳಿ. ನಾನು ಎಷ್ಟು ಸಲ ಹೇಳಿದ್ರೂ ಜನರ ತಲೆಗೆ ಹೋಗದ್ದು ಇದೊಂದೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳ್ತೇನೆ.

ಬೆಲ್ಜಿಯಂನಲ್ಲಿ ನಿವೆಲ್ ಅಂತ ಒಂದು ಸಣ್ಣ ಪಟ್ಟಣ. ಅಲ್ಲಿನ ಒಬ್ಬ ಸ್ವಯಂಸೇವಕ ಅಗ್ನಿಶಾಮಕ ಸಿಬ್ಬಂದಿ ಮನೆಯಲ್ಲೇ ಇರಬಹುದು, ಆದ್ರೆ ಕರೆ ಬಂದ್ರೆ 8 ನಿಮಿಷದಲ್ಲಿ ಸ್ಟೇಷನ್ನಿಗೆ ಮುಟ್ಟಬೇಕು. 2018ರ ಫೆಬ್ರವರಿಯಲ್ಲಿ ಐರೋಪ್ಯ ನ್ಯಾಯಾಲಯ ಹೇಳಿತು, ಹೀಗೆ ಕಟ್ಟಿಹಾಕಿದ ಹೊತ್ತು ಮನೆಯಲ್ಲಿ ಕಳೆದ್ರೂ ಕೆಲಸದ ಹೊತ್ತೇ. ಐರ್ಲೆಂಡಿನ ಡಬ್ಲಿನ್ನಿನ ಒಬ್ಬ ಅಗ್ನಿಶಾಮಕ ಸಿಬ್ಬಂದಿಯ ಕೇಸು ಇದಕ್ಕೆ ಉಲ್ಟಾ, ಅದೇ ಕೋರ್ಟಿನದ್ದು, 2021ರ ನವೆಂಬರ್‌ದು. ಅಲ್ಲಿ 5 ನಿಮಿಷಕ್ಕೆ ಬಂದ್ರೆ ಒಳ್ಳೇದು, ಹೆಚ್ಚೆಂದ್ರೆ 10. ಆದ್ರೆ ಆ ಮನುಷ್ಯ ಟ್ಯಾಕ್ಸಿ ಓಡಿಸ್ತಿದ್ದ, ಅದಕ್ಕೆ ಅನುಮತಿ ಇತ್ತು, ಎಲ್ಲಾ ಕರೆಗೂ ಹೋಗ್ಲೇಬೇಕು ಅಂತಲೂ ಇರ್ಲಿಲ್ಲ, ಮುಕ್ಕಾಲು ಪಾಲಿಗೆ ಹೋದ್ರೆ ಸಾಕಿತ್ತು. ಹಾಗಾಗಿ ಅದು ಕೆಲಸದ ಹೊತ್ತಲ್ಲ ಅಂತಾಯ್ತು. ಅದೇ ವರ್ಷ ಮಾರ್ಚಲ್ಲಿ ಜರ್ಮನಿಯ ಆಫೆನ್‌ಬಾಖ್ ಊರಿನ ಅಗ್ನಿಶಾಮಕ ಅಧಿಕಾರಿ ವಿಷಯದಲ್ಲಿ ಊರಿನ ಗಡಿ ಮುಟ್ಲಿಕ್ಕೆ 20 ನಿಮಿಷ, ಸರ್ಕಾರಿ ಗಾಡಿ, ಸಮವಸ್ತ್ರ, ಕರೆಗಳು ಎಷ್ಟು ಬರ್ತವೆ, ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿ ಅಂತ ಅಲ್ಲಿನ ಕೋರ್ಟಿಗೇ ಬಿಟ್ಟಿತು. ಅಂದ್ರೆ ಕರೆಯ ಸಂಖ್ಯೆಗೂ ತೂಕ ಉಂಟು, ಇಲ್ಲ ಅಂತ ನಾನು ಹೇಳುವುದಿಲ್ಲ, ಆದ್ರೆ ಕರೆ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಅದು ವಿಶ್ರಾಂತಿ ಆಗುವುದಿಲ್ಲ.

ಇದು ಈಗಿನ ಹೊಸ ಯೋಚನೆಯೂ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1944ರಲ್ಲೇ ಒಂದು ಸೋಪಿನ ಫ್ಯಾಕ್ಟರಿಯ ಬೆಂಕಿ ಕಾವಲಿನವರ ಕೇಸಲ್ಲಿ ಇದನ್ನು ನೋಡಿದೆ. ಅವರು ರಾತ್ರಿ ಅಲ್ಲೇ ಇರ್ತಿದ್ರು, ಇಸ್ಪೀಟು ಆಡ್ತಿದ್ರು, ರೇಡಿಯೊ ಕೇಳ್ತಿದ್ರು, ನಿದ್ದೆಯೂ ಮಾಡ್ತಿದ್ರು. ನಿದ್ದೆ, ಊಟದ ಹೊತ್ತು ಬಿಟ್ಟು ಉಳಿದ ಹೊತ್ತು ಕೆಲಸದ ಲೆಕ್ಕಕ್ಕೇ ಬಂತು, ಯಾಕಂದ್ರೆ ಮಾಲಿಕ ದುಡಿಮೆಯನ್ನು ಕೊಳ್ಳುವ ಹಾಗೇ ಕರೆದ್ರೆ ಬರ್ಲಿಕ್ಕೆ ತಯಾರಾಗಿ ಇರುವುದನ್ನೂ ಕೊಳ್ಳಬಹುದು.

ಈ ತೀರ್ಪುಗಳನ್ನು ಇಲ್ಲಿನ ಕೋರ್ಟು ಒಪ್ಪಲೇಬೇಕು ಅಂತ ಇಲ್ಲ, ದಯಮಾಡಿ ನನ್ನ ಹೆಸರು ಹೇಳಿ ಅವುಗಳನ್ನು ಹಿಡ್ಕೊಂಡು ಲೇಬರ್ ಆಫೀಸಿಗೆ ಹೋಗ್ಬೇಡಿ. ಆದ್ರೆ ಯೋಚನೆ ಮಾಡುವ ದಾರಿ ಅಲ್ಲಿ ಸರಿಯಾಗಿ ಸಿಗ್ತದೆ.

ಒಂದು ಮದುವೆ ಊಟದಲ್ಲಿ ಇಂಥ ಒಬ್ಬ ಆಫೀಸರ್ ನನ್ನ ಪಕ್ಕದಲ್ಲಿ ಕೂತಿದ್ರು. ಬಾಗಿಲಿಗೆ ಹತ್ತಿರದ ಎಲೆ, ಎಲೆಯ ಪಕ್ಕ ಫೋನು, ಹೊರಗೆ ಬೈಕು ರಸ್ತೆಗೆ ಮುಖ ಮಾಡಿ ನಿಲ್ಸಿದ್ದು. ಸಾರು ಬಡಿಸುವಾಗ ಫೋನ್ ಮಿನುಗಿತು, ಯಾವುದೋ ಲೋನಿನ ಜಾಹೀರಾತು, ಅಷ್ಟಕ್ಕೇ ಅವರು ಅರ್ಧ ಎದ್ದಾಗಿತ್ತು. ಹಿಂದಿನ ದಿನ ಪುತ್ತೂರಲ್ಲಿ ಹೆಂಡತಿ ಕಡೆಯ ಉಪನಯನ, ಹೆಂಡತಿ ಮಕ್ಕಳು ಮಾತ್ರ ಹೋಗಿದ್ರು. ಸ್ವಂತ ಮನೆ ಮುಳ್ಳೇರಿಯ ಕಡೆ, ಪೇಟೆಯಲ್ಲಿ ಬಾಡಿಗೆಗೆ ಇರುವುದು ಕರೆದ್ರೆ 10 ನಿಮಿಷದಲ್ಲಿ ಮುಟ್ಟಬೇಕು ಅನ್ನುವ ಷರತ್ತಿಗೋಸ್ಕರವೇ. ಹೆದ್ದಾರಿ 66 ಅಗಲ ಆದ ಮೇಲೆ ಆಚೆ ಬದಿಗೆ ಹೋಗ್ಲಿಕ್ಕೆ ಅಂಡರ್‌ಪಾಸ್ ಹುಡುಕಿ ಸುತ್ತು ಬರ್ಬೇಕು, ಹಾಗಾಗಿ ಸಂಜೆ ವಾಕಿಂಗ್ ಕೂಡ ರಸ್ತೆಯ ಈಚೆಗೇ. ಇಷ್ಟೆಲ್ಲ ಬಿಟ್ಟು ಕೂತ ಮನುಷ್ಯನಿಗೆ ಆನ್ ಕಾಲ್ ಲೆಕ್ಕದಲ್ಲಿ ಒಂದು ರೂಪಾಯಿಯೂ ಇಲ್ಲ! ಕೇಳಿ ನನಗೆ ಊಟ ಸೇರ್ಲಿಲ್ಲ.

ಈಗ ಮಾಲಿಕರ ಹೆದರಿಕೆಗೆ ಬರುವ. "ಹಾಗಾದ್ರೆ ರಾತ್ರಿಯೆಲ್ಲ ಫುಲ್ ಸಂಬಳವಾ?" ಹಾಗೇನಿಲ್ಲ. ಹೊತ್ತು ಕೆಲಸದ್ದಾ ಅಲ್ವಾ ಅನ್ನುವುದು ಒಂದು ಪ್ರಶ್ನೆ, ಅದಕ್ಕೆ ರೇಟ್ ಎಷ್ಟು ಅನ್ನುವುದು ಇನ್ನೊಂದು. ಯುರೋಪಿನ ಆ ತೀರ್ಪುಗಳಿಗೆ ಆಧಾರವಾದ ಕೆಲಸದ ಹೊತ್ತಿನ ನಿಯಮ ಕೂಡ ಸಂಬಳದ ದರ ಹೇಳುವುದಿಲ್ಲ, ಅದನ್ನು ಆಯಾ ದೇಶಕ್ಕೆ ಬಿಟ್ಟಿದೆ. ಡಬ್ಲಿನ್ನಿನವರಿಗೆ ತಿಂಗಳಿಗೊಂದು ಮೂಲ ಮೊತ್ತ, ಮೇಲಿಂದ ಹೋದ ಕರೆಗೆ ಬೇರೆ. ನಮ್ಮಂಥ ಸಣ್ಣ ಪೇಟೆಗೆ ನಾನು ಸಾಮಾನ್ಯವಾಗಿ ಹೇಳುವುದೂ ಅದನ್ನೇ, ಆದ್ರೆ ನಿಮ್ಮ ಕಾಗದಪತ್ರ ನೋಡದೆ ಇದೇ ಸರಿ ಅಂತ ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ.

ದುಡ್ಡು ಉಳಿಸ್ಬೇಕಾದ್ರೆ ಹಗ್ಗ ಸಡಿಲ ಬಿಡಿ. ನಿಜವಾಗಿ 10 ನಿಮಿಷ ಬೇಕಾ, ಅರ್ಧ ಗಂಟೆ ಸಾಕಾ ಅಂತ ಯೋಚಿಸಿ. ಮೊದಲ ಹತ್ತು ನಿಮಿಷಕ್ಕೆ ಕಟ್ಟಡದಲ್ಲೇ ಇರುವ ನೈಟ್ ಸೆಕ್ಯುರಿಟಿಗೆ ಎಕ್ಸ್‌ಟಿಂಗ್ವಿಶರ್ ಹಿಡಿಯುವುದು, ಅಲಾರಂ ಪ್ಯಾನೆಲ್ ಓದುವುದು, 101ಕ್ಕೆ ಫೋನ್ ಮಾಡುವುದು ಕಲಿಸಿದ್ರೆ ಆಫೀಸರ್ ಆಮೇಲೆ ಬಂದ್ರೂ ನಡೀತದೆ. ಇಬ್ಬರಿದ್ರೆ ತಮ್ಮೊಳಗೆ ಪಾಳಿ ಬದಲಿಸ್ಲಿಕ್ಕೆ ಬಿಡಿ. ಇದೆಲ್ಲ ಬಾಯಿಮಾತಲ್ಲಿ ಬೇಡ, ನೇಮಕದ ಆರ್ಡರಲ್ಲೇ ಬರೀರಿ. ರಾತ್ರಿ ಎರಡಕ್ಕೆ ಕರೆಸಿದವರು ಮರುದಿನ ಎಷ್ಟು ಗಂಟೆಗೆ ಬರ್ಬೇಕು ಅನ್ನುವುದನ್ನೂ ಅದರಲ್ಲೇ ಸೇರಿಸಿ, ಈವರೆಗೆ ನನ್ನ ಟೇಬಲಿಗೆ ಬಂದ ಒಂದು ಆರ್ಡರಲ್ಲೂ ಅದು ಇರ್ಲಿಲ್ಲ.