ಅರ್ಮಾನಿ ವಾಚನ್ನು ಅರ್ಮಾನಿಯವರೇ ಮಾಡುತ್ತಾರೆಯೇ?

ಓದುಗರ ಪ್ರಶ್ನೆ: ತಮ್ಮನ ಮದುವೆಗೆ ಕೊಡೋಣವೆಂದು ಎಂಪೋರಿಯೊ ಅರ್ಮಾನಿ ವಾಚು ನೋಡಿದ್ದೇವೆ. ಬೆಲೆ ಹದಿನೆಂಟು ಸಾವಿರ. ಇದನ್ನು ಅರ್ಮಾನಿ ಕಂಪನಿಯೇ ಮಾಡುತ್ತದೆಯೇ? ಕೊಟ್ಟ ದುಡ್ಡಿಗೆ ತಕ್ಕ ಮಾಲು ಹೌದೇ?

ಡಯಲ್ ಮೇಲಿನ ಹದ್ದಿನ ಗುರುತು ಮಾತ್ರ ಇಟಲಿಯ ಫ್ಯಾಷನ್ ಮನೆ ಅರ್ಮಾನಿಯದು, ವಾಚು ಫಾಸಿಲ್‌ನವರದು. ಅಮೆರಿಕದ ಟೆಕ್ಸಾಸ್‌ನ ಫಾಸಿಲ್ ಗ್ರೂಪ್ 1997ರಲ್ಲಿ ಈ ಹೆಸರನ್ನು ಲೈಸೆನ್ಸ್ ಮೇಲೆ ಪಡೆಯಿತು. ವಿನ್ಯಾಸ, ತಯಾರಿ, ಮಾರಾಟ, ವಾರಂಟಿ ಎಲ್ಲ ಫಾಸಿಲ್‌ನ ಜವಾಬ್ದಾರಿ, ಹೆಸರಿಗಾಗಿ ಅರ್ಮಾನಿಗೆ ರಾಯಲ್ಟಿ ಹೋಗುತ್ತದೆ. ಮೈಕೆಲ್ ಕೋರ್ಸ್, ಡೀಸೆಲ್, ಅರ್ಮಾನಿ ಎಕ್ಸ್‌ಚೇಂಜ್ ವಾಚುಗಳೂ ಇದೇ ಮನೆಯವು. ಹ್ಯೂಗೊ ಬಾಸ್, ಟಾಮಿ ಹಿಲ್ಫಿಗರ್, ಲಕೋಸ್ಟ್, ಕೋಚ್ ವಾಚುಗಳು ಮೊವಾಡೊ ಗ್ರೂಪ್‌ನವು. ಕೆಲ್ವಿನ್ ಕ್ಲೈನ್ ಬಹುಕಾಲ ಸ್ವಾಚ್ ಗ್ರೂಪ್ ಬಳಿ ಇತ್ತು, ಈಗ ಮೊವಾಡೊ ಬಳಿ ಇದೆ. ಗೆಸ್ ವಾಚು ಟೈಮೆಕ್ಸ್ ಗುಂಪಿನ ಕೆಲಸ. ಎಲ್ಲ ಫ್ಯಾಷನ್ ಮನೆಗಳೂ ಹೀಗಲ್ಲ: ಶನೆಲ್, ಎರ್ಮೆಸ್, ಲೂಯಿ ವಿಟಾನ್‌ಗಳಿಗೆ ಸ್ವಿಟ್ಜರ್ಲೆಂಡಿನಲ್ಲಿ ತಮ್ಮವೇ ಕಾರ್ಖಾನೆಗಳಿವೆ. ಆದರೆ ಅವುಗಳ ಬೆಲೆಯೇ ಬೇರೆ ಲೋಕದ್ದು.

ಇನ್ನು ಗುಣಮಟ್ಟ. ಅಂಗಡಿಯಲ್ಲಿ ವಾಚು ಕೈಗೆ ತೆಗೆದುಕೊಂಡಾಗ ಹೆಸರು ಬಿಟ್ಟು ಸಣ್ಣ ಅಕ್ಷರಗಳನ್ನು ಓದಿ. ಡಯಲ್‌ನ ತಳದಲ್ಲಿ, ಆರು ಗಂಟೆಯ ಗುರುತಿನ ಎರಡೂ ಬದಿಗೆ, 'ಜಪಾನ್ ಮೂವ್ಟ್' ಎಂದಿದ್ದರೆ ಒಳಗಿನ ಯಂತ್ರ, ಅಂದರೆ ಮೂವ್‌ಮೆಂಟ್, ಸಾಮಾನ್ಯವಾಗಿ ಸಿಟಿಜನ್ ಬಳಗದ ಮಿಯೋಟಾ ಅಥವಾ ಸೈಕೋ ಬಳಗದ್ದು. ಮೂರು ಮುಳ್ಳಿನ ಸರಳ ಫ್ಯಾಷನ್ ವಾಚುಗಳಲ್ಲಿ ಮತ್ತೆ ಮತ್ತೆ ಸಿಗುವುದು ಮಿಯೋಟಾ 2035: ದಪ್ಪ 3.15 ಮಿ.ಮೀ., ತಿಂಗಳಿಗೆ ಹೆಚ್ಚೆಂದರೆ 20 ಸೆಕೆಂಡಿನಷ್ಟು ಹಿಂದೆಮುಂದೆ, ಎಸ್‌ಆರ್626ಎಸ್‌ಡಬ್ಲ್ಯು ಸೆಲ್ ಹಾಕಿದರೆ ಸುಮಾರು ಮೂರು ವರ್ಷ. ಎರಡು ಸಾವಿರದ ವಾಚಿನಲ್ಲೂ ಇದೇ ಮೂವ್‌ಮೆಂಟ್ ಕಾಣಸಿಗುತ್ತದೆ. ಇದು ಕೆಟ್ಟ ಯಂತ್ರವೇನಲ್ಲ, ಹೇಳಿದ ಕೆಲಸ ವರ್ಷಾನುಗಟ್ಟಲೆ ಮಾಡುತ್ತದೆ. ಕೆಟ್ಟರೆ ಮಾತ್ರ ಬಿಚ್ಚಿ ರಿಪೇರಿ ಮಾಡುವವರಿಲ್ಲ, ಇಡೀ ಮೂವ್‌ಮೆಂಟನ್ನೇ ಬದಲಿಸುತ್ತಾರೆ. ಅದೇ ಅಗ್ಗ. 'ಸ್ವಿಸ್ ಮೂವ್ಟ್' ಎಂದಿದ್ದರೆ ಯಂತ್ರವಷ್ಟೇ ಸ್ವಿಸ್. 'ಸ್ವಿಸ್ ಮೇಡ್' ಎನ್ನಲು ಬಿಗಿಯಾದ ನಿಯಮವಿದೆ: 2017ರಿಂದ ತಯಾರಿಕಾ ವೆಚ್ಚದ ಕನಿಷ್ಠ ಶೇ. 60 ಆ ದೇಶದಲ್ಲೇ ಆಗಬೇಕು, ಮೂವ್‌ಮೆಂಟನ್ನು ಕೇಸಿನಲ್ಲಿ, ಅಂದರೆ ವಾಚಿನ ಹೊರಕವಚದಲ್ಲಿ, ಕೂರಿಸುವುದೂ ಕೊನೆಯ ತಪಾಸಣೆಯೂ ಅಲ್ಲೇ ನಡೆಯಬೇಕು.

ಈಗ ವಾಚನ್ನು ಮಗುಚಿ ಹಿಂಬದಿ ನೋಡಿ. ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. 'ಆಲ್ ಸ್ಟೇನ್‌ಲೆಸ್ ಸ್ಟೀಲ್' ಎಂದಿದ್ದರೆ ಕೇಸ್ ಪೂರ್ತಿ ಉಕ್ಕು. 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಎಂದಷ್ಟೇ ಇದ್ದರೆ ಉಕ್ಕಿನದು ಆ ಮುಚ್ಚಳ ಮಾತ್ರ. ಉಳಿದದ್ದು ಹಿತ್ತಾಳೆಯೋ ಸತುವಿನ ಮಿಶ್ರಲೋಹವೋ ಆಗಿರುತ್ತದೆ, ಮೇಲೆ ಲೇಪ. ಬೆವರು ಕೂರುವಲ್ಲಿ, ಅಂದರೆ ಪಟ್ಟಿ ಸೇರುವ ಕಿವಿಗಳ ಅಂಚು, ಕೇಸಿನ ಕೆಳಮೈ, ಕೊಕ್ಕೆಯ ಮೂಲೆ, ಅಲ್ಲಿ ಆ ಲೇಪ ಮೊದಲು ಸವೆಯುತ್ತದೆ. ಕೆಳಗಿನ ಲೋಹ ಕಪ್ಪಾಗಿಯೋ ಹಸಿರಾಗಿಯೋ ಇಣುಕುತ್ತದೆ. ಚಿನ್ನದ ಬಣ್ಣದ ವಾಚು ಕೊಳ್ಳುವವರು ಇದನ್ನು ನೋಡದೆ ಬಿಲ್ ಮಾಡಿಸಬೇಡಿ. ಉಕ್ಕಿನ ಮೇಲಿನ ಐಪಿ (ಅಯಾನ್ ಪ್ಲೇಟಿಂಗ್) ಲೇಪವಾದರೆ ಸಾಮಾನ್ಯವಾಗಿ ಹೆಚ್ಚು ದಿನ ಬಾಳುತ್ತದೆ, ಸವೆದರೂ ಒಳಗಿರುವುದು ತುಕ್ಕು ಹಿಡಿಯದ ಉಕ್ಕು.

ಗಾಜು ಬಹುತೇಕ ಮಿನರಲ್ ಗ್ಲಾಸ್. ಧೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಗಟ್ಟಿ, ಹಾಗಾಗಿ ಗೀರು ಬಿದ್ದೇ ಬೀಳುತ್ತದೆ. ಸಫೈರ್ ಆದರೆ ಮರಳು ಸೋಲುತ್ತದೆ. ನೀರು ತಡೆಯುವ ಮಟ್ಟ '5 ಎಟಿಎಂ' ಎಂದರೆ ಐವತ್ತು ಮೀಟರ್ ಆಳಕ್ಕೆ ಧುಮುಕಬಹುದೆಂದಲ್ಲ. ಕೈತೊಳೆಯಲು, ಮಳೆಗೆ ತೊಂದರೆಯಿಲ್ಲ, ಬಿಸಿನೀರಿನ ಸ್ನಾನಕ್ಕೆ ಬಿಚ್ಚಿಡಿ. ಉಕ್ಕಿನ ಚೈನಾದರೆ ನಿಮ್ಮ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ: ತಗಡು ಮಡಚಿ ಮಾಡಿದ ಕೊಂಡಿ ಗಲಗಲ ಎನ್ನುತ್ತದೆ, ಗಟ್ಟಿ ಕೊಂಡಿಯ ಸದ್ದು ಮಂದ.

ಹಾಗಾದರೆ ಹದಿನೆಂಟು ಸಾವಿರ? ನನ್ನ ಅಭಿಪ್ರಾಯದಲ್ಲಿ ಪೂರ್ತಿ ಬೆಲೆಗೆ ಬೇಡ. ಆ ಹಣದ ದೊಡ್ಡ ಪಾಲು ಹೆಸರು, ಜಾಹೀರಾತು, ಅಂಗಡಿಗಳ ಖರ್ಚಿಗೆ ಹೋಗುತ್ತದೆ. ಈ ವಾಚುಗಳಿಗೆ ಹಬ್ಬದ ಸೇಲ್‌ನಲ್ಲಿ ಭಾರಿ ರಿಯಾಯಿತಿ ಸಿಗುವುದು ಸಾಮಾನ್ಯ, ಅರ್ಧ ಬೆಲೆಗೆ ಬಂದಾಗ ಉಕ್ಕಿನ ಕೇಸಿನದನ್ನು ಖುಷಿಯಿಂದ ಕೊಳ್ಳಿ. ತಮ್ಮನಿಗೆ ಆ ವಿನ್ಯಾಸವೇ ಇಷ್ಟವಾದರೆ ಅದೂ ಕೊಳ್ಳಲು ನ್ಯಾಯವಾದ ಕಾರಣ. ಯಂತ್ರಕ್ಕೆ ಬೆಲೆ ಕೊಡುವವರಾದರೆ ಇದೇ ಹಣಕ್ಕೆ ಬೆಳಕಿನಿಂದ ಚಾರ್ಜ್ ಆಗುವ ಸಿಟಿಜನ್ ಇಕೋ-ಡ್ರೈವ್ ಇದೆ. ನಮ್ಮ ಪಕ್ಕದ ಹೊಸೂರಿನ ಟೈಟನ್ ಕೂಡ ಇದೆ. ಬರೀ 1.15 ಮಿ.ಮೀ. ದಪ್ಪದ ಮೂವ್‌ಮೆಂಟನ್ನು ತಾನೇ ರೂಪಿಸಿ 2002ರಲ್ಲಿ 'ಎಡ್ಜ್' ತಂದ ಕಂಪನಿ ಅದು.

ಕೊಂಡ ಮೇಲೆ ಮೂರು ಎಚ್ಚರ. ಸೆಲ್ ಮುಗಿದು ನಿಂತ ವಾಚನ್ನು ಹಾಗೇ ಡ್ರಾಯರಿನಲ್ಲಿ ಬಿಡಬೇಡಿ, ಸೆಲ್ ಸೋರಿ ಸರ್ಕ್ಯೂಟ್ ತಿನ್ನುತ್ತದೆ. ತಾರೀಖು ಇರುವ ವಾಚಿನಲ್ಲಿ ರಾತ್ರಿ ಒಂಬತ್ತರಿಂದ ಒಂದರವರೆಗೆ ಕೀಲಿಯಿಂದ ತಾರೀಖು ಬದಲಿಸಬೇಡಿ. ಆ ಹೊತ್ತಿಗೆ ತಾರೀಖಿನ ಗಾಲಿಗೆ ಹಲ್ಲು ಕಚ್ಚಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯಬಹುದು. ಸೆಲ್ ಹಾಕಿಸುವಾಗ ಮುಚ್ಚಳದ ಒಳಗಿನ ರಬ್ಬರ್ ಉಂಗುರವನ್ನು ಸಿಲಿಕೋನ್ ಗ್ರೀಸ್ ಸವರಿ ಕೂರಿಸಲು ಹೇಳಿ. ಉಂಗುರ ಚಪ್ಪಟೆಯಾಗಿದ್ದರೆ ಹೊಸದು ಹಾಕಿಸಿ. ಅದು ಒಂದೆಡೆ ಮಡಚಿಕೊಂಡರೂ ಸಾಕು, ಮುಂದಿನ ಮಳೆಗಾಲದಲ್ಲಿ ಗಾಜಿನ ಒಳಮೈಗೆ ಹಬೆ ಕಟ್ಟುತ್ತದೆ.